ಐಪಿಇ ಓದೋಕೆ 35 ಲಕ್ಷ ಸಾಲ ಮಾಡಬಹುದಾ?

ಪ್ರಶ್ನೆ: ನಾನು ಸಾಗರ ತಾಲೂಕಿನ ಹಳ್ಳಿಯವಳು. ವಯಸ್ಸು 24. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸರ್ಕಾರಿ ಕಾಲೇಜಿನಲ್ಲಿ ಬಿಎ ಮಾಡಿದ್ದೇನೆ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಶೇ 74 ಅಂಕ. ಎರಡು ವರ್ಷದಿಂದ ಬೆಂಗಳೂರಿನ ಕಂಪನಿಯೊಂದರಲ್ಲಿ ಆಮದು–ರಫ್ತು ದಾಖಲೆ ಪರಿಶೀಲಿಸುವ ಕೆಲಸ, ಸಂಬಳ 31 ಸಾವಿರ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ, ಅಂದರೆ ಐಪಿಇಯ, ಒಂದು ವರ್ಷದ ಎಂಎಗೆ ಸೀಟು ಸಿಕ್ಕಿದೆ. ಲಂಡನ್ ಅಲ್ಲ. ಫೀಸು 20,500 ಪೌಂಡ್. ನನ್ನ ಹತ್ತಿರ ಉಳಿತಾಯ 4 ಲಕ್ಷ ಇದೆ, ಉಳಿದ 35 ಲಕ್ಷ ಸಾಲ ಮಾಡಬೇಕು. ಅಪ್ಪ ಎರಡೂವರೆ ಎಕರೆ ಅಡಿಕೆ ತೋಟದ ಮೇಲೆ ಸಾಲ ತೆಗೆಯೋಣ, ಆಗದಿದ್ದರೆ ಅರ್ಧ ಎಕರೆ ಕೊಟ್ಟುಬಿಡೋಣ ಅನ್ನುತ್ತಾರೆ. ಚಿಕ್ಕಪ್ಪ, "ಅಷ್ಟು ದುಡ್ಡು ಹಾಕೋದಾದರೆ ಎಂಬಿಎ ಮಾಡಲಿ" ಅನ್ನುತ್ತಾರೆ. ಏಜೆಂಟ್ ಹೇಳೋದು, ಐಪಿಇ ಮಾಡಿದವರಿಗೆ ವಿಶ್ವಬ್ಯಾಂಕ್, ವಿಶ್ವಸಂಸ್ಥೆಯಲ್ಲಿ ಬೇಡಿಕೆ ಇದೆ ಅಂತ. ನನಗೆ ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಒಂದು ವರ್ಷದ ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ? ಮೂರು ವಾರದಲ್ಲಿ 3,000 ಪೌಂಡ್ ಡೆಪಾಸಿಟ್ ಕಟ್ಟಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ನಾಲ್ಕೈದು ಇದ್ದರೂ ಭಯ ಒಂದೇ. ಅಪ್ಪನ ತೋಟ ಪಣಕ್ಕಿಟ್ಟು ಓದಿ ಬಂದು, ಮತ್ತೆ ಇದೇ ಕುರ್ಚಿಯಲ್ಲಿ ಕೂತು ಇದೇ ದಾಖಲೆ ನೋಡಬೇಕಾಗಿ ಬಂದರೆ? ಈ ಭಯವನ್ನು ಯಾರಾದರೂ "ಪಾಸಿಟಿವ್ ಆಗಿ ಯೋಚನೆ ಮಾಡಿ" ಅಂತ ತಳ್ಳಿಹಾಕಿದರೆ ಕೇಳಬೇಡಿ. ಅದು ಸರಿಯಾದ ಭಯ.

ನನ್ನ ಬಗ್ಗೆ ಒಂದು ಮಾತು. ನಾನೂ ಕೊಪ್ಪದ ಕಡೆಯ ಅಡಿಕೆ ಮನೆಯವಳೇ. ಇದೇ ವಿಷಯವನ್ನು ಬ್ರಿಟನ್ನಿನಲ್ಲಿ ಓದಿದೆ, ದೆಹಲಿಯಲ್ಲಿ ಎಂಟು ವರ್ಷ ವ್ಯಾಪಾರ ನೀತಿಯ ಸಂಶೋಧನೆ ಮಾಡಿದೆ, ಈಗ ಬೆಂಗಳೂರಲ್ಲಿ ಪಾಠ ಮಾಡುತ್ತೇನೆ. ಓದಿದ್ದಕ್ಕೆ ವಿಷಾದ ಇಲ್ಲ. ಆದರೆ ನಾನು ಹೋಗಿದ್ದು ಸ್ಕಾಲರ್‌ಶಿಪ್ ಮೇಲೆ. ಈ ವ್ಯತ್ಯಾಸವನ್ನು ಮೊದಲೇ ಹೇಳದಿದ್ದರೆ ಮುಂದಿನ ಮಾತಿಗೆಲ್ಲ ಅರ್ಥ ಇರಲ್ಲ.

ಮೊದಲು, ಈ ಐಪಿಇ ಅಂದರೆ ಏನು? ಅರ್ಥಶಾಸ್ತ್ರವಾ, ರಾಜ್ಯಶಾಸ್ತ್ರವಾ? ನಿಮ್ಮ ಮನೆಯ ಅಂಗಳದಿಂದಲೇ ನೋಡೋಣ.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಅನುಮತಿ ಕೊಟ್ಟಿತು. ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗವಾಗಿ ತರುವಂತಿಲ್ಲ ಅನ್ನುವ ಷರತ್ತು ಅದಕ್ಕೆ ಇಲ್ಲ. ಮಲೆನಾಡಿನಲ್ಲಿ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬಹುದು. 2023ರ ಫೆಬ್ರುವರಿಯಲ್ಲಿ ಅದೇ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಆ ವರ್ಷ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭಾ ಚುನಾವಣೆ.

ಇದನ್ನು ಅರ್ಥಶಾಸ್ತ್ರದವರ ಮುಂದೆ ಇಟ್ಟರೆ, ಆಮದು ತಡೆದರೆ ಬೆಲೆ ಎಷ್ಟು ಏರುತ್ತದೆ, ಕೊಳ್ಳುವವರಿಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕುತ್ತಾರೆ. ವಿದೇಶಾಂಗದವರ ಮುಂದೆ ಇಟ್ಟರೆ, ಚೀನಾದ ಪಕ್ಕ ಕೂತಿರುವ ಭೂತಾನ ನಮಗೆ ಎಷ್ಟು ಮುಖ್ಯ ಅಂತ ಹೇಳುತ್ತಾರೆ. ಐಪಿಇ ಕೇಳುವ ಪ್ರಶ್ನೆ ಬೇರೆ. ಇಲ್ಲಿ ಯಾರು ಗೆದ್ದರು, ಯಾರು ಸೋತರು, ಸೋತವರ ಕೂಗು ದೆಹಲಿಗೆ ಯಾವ ದಾರಿಯಲ್ಲಿ ಮುಟ್ಟಿತು? ಅಗ್ಗದ ಅಡಿಕೆ ಬೇಕಾದ ಕಾನ್ಪುರದ ಪಾನ್ ಮಸಾಲಾದವರಿಗೂ ಒಂದು ಕೂಗು ಇರುತ್ತದಲ್ಲ, ಅದು ಯಾಕೆ ಗೆಲ್ಲಲಿಲ್ಲ? ಬೆಲೆ ಏರಿಸಿದ್ದು ಚುನಾವಣೆಗಾಗಿ ಅಂತ ಊರಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಅದನ್ನು ಹೇಗೆ ತೋರಿಸುತ್ತೀರಿ? ಹಿಂದಿನ ಸಲ ಏರಿಸಿದಾಗ ಚುನಾವಣೆ ಇತ್ತಾ? ಕೇರಳದಲ್ಲಿ, ಅಸ್ಸಾಂನಲ್ಲೂ ಅಡಿಕೆ ಇದೆ. ಅವರ ಪಾತ್ರ ಏನು? ಹೀಗೆ ಕೆದಕುತ್ತಾ ಹೋಗುವುದೇ ಈ ಓದು.

ವಿಷಯ ಹುಟ್ಟಿದ್ದೂ ಇಂಥದೇ ಗೊಂದಲದಿಂದ. 1944ರಲ್ಲಿ ಹಲವು ದೇಶಗಳವರು ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಕೂತು ಕಟ್ಟಿದ ಹಣದ ವ್ಯವಸ್ಥೆ 1971ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿ ಕಳಚಿದಾಗ, ಕುಸಿಯಿತು. 1973ರಲ್ಲಿ ತೈಲದ ಬೆಲೆ ಹಾರಿತು. ಅರ್ಥಶಾಸ್ತ್ರಜ್ಞರು ಅಧಿಕಾರದ ಬಗ್ಗೆ ಮಾತಾಡುತ್ತಿರಲಿಲ್ಲ, ಅಂತರರಾಷ್ಟ್ರೀಯ ಸಂಬಂಧದವರು ದುಡ್ಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಈ ಎರಡು ಮನೆಯವರು ಒಬ್ಬರನ್ನೊಬ್ಬರು ಮೂಸಿಯೂ ನೋಡಲ್ಲ ಅಂತ 1970ರಲ್ಲೇ ಲೇಖನ ಬರೆದು ಬೈದವರು ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್. ಅಂದಹಾಗೆ, ಬೆಲೆ ಬಿದ್ದು ಕಂಗಾಲಾಗಿದ್ದ ನಮ್ಮ ಅಡಿಕೆ ಬೆಳೆಗಾರರು ಮಂಗಳೂರಲ್ಲಿ ಕ್ಯಾಂಪ್ಕೊ ಸಹಕಾರ ಸಂಘ ಕಟ್ಟಿದ್ದೂ 1973ರಲ್ಲೇ. ಎರಡಕ್ಕೂ ಸಂಬಂಧ ಇಲ್ಲ. ನನಗೆ ಆ ವರ್ಷ ನೆನಪಿರೋದು ಹಾಗೆ, ಅಷ್ಟೆ.

ಈಗ ಗಣಿತ. ಹೆಚ್ಚಿನ ಬ್ರಿಟಿಷ್ ಕೋರ್ಸುಗಳಲ್ಲಿ ನಿಮ್ಮನ್ನು ಕ್ಯಾಲ್ಕುಲಸ್ ಕೇಳುವುದಿಲ್ಲ. ಈ ವಿಷಯದಲ್ಲಿ ಎರಡು ಗುಂಪುಗಳಿವೆ ಅಂತ ಅದನ್ನು ಓದಿದವರೇ ಹೇಳುತ್ತಾರೆ. ಅಮೆರಿಕದ ಕಡೆಯವರಿಗೆ ಅಂಕಿಅಂಶ, ಮಾದರಿ, ಪರೀಕ್ಷೆ ಮಾಡಬಹುದಾದ ಊಹೆ ಬೇಕು. ಬ್ರಿಟನ್ನಿನ ಕಡೆಯವರಿಗೆ ಇತಿಹಾಸ, ವಿಚಾರ, ಅಧಿಕಾರ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ ಇಷ್ಟ. ಈಗ ಗೆರೆ ಅಷ್ಟು ಸ್ಪಷ್ಟ ಇಲ್ಲ. ಆದರೆ ಕೋರ್ಸಿನ ಹೆಸರು ಒಂದೇ ಇದ್ದರೂ ಒಳಗೆ ಇರೋದು ಬೇರೆ ಬೇರೆ. ಹಾಗಾಗಿ ಹೆಸರು ನೋಡಬೇಡಿ, ಕಡ್ಡಾಯ ಪತ್ರಿಕೆಗಳ ಪಟ್ಟಿ ನೋಡಿ. ಅದರಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಿಮಗೆ ಆ ವರ್ಷ ಸುಲಭ, ಆಮೇಲಿನ ಹತ್ತು ವರ್ಷ ಕಷ್ಟ. ನೀತಿ ಸಂಶೋಧನೆಯ ಯಾವ ಕೆಲಸಕ್ಕೆ ಹೋದರೂ ಮೊದಲ ದಿನ ಕೈಗೆ ಬರೋದು ಒಂದು ಎಕ್ಸೆಲ್ ಫೈಲ್.

ನಿಮಗೆ ಬೇಕಾದ ಗಣಿತ ಇಷ್ಟು: ಸೂಚ್ಯಂಕ, ಶೇಕಡಾ ಬದಲಾವಣೆ, ಸರಾಸರಿ ಎಲ್ಲಿ ಮೋಸ ಮಾಡುತ್ತದೆ ಅನ್ನುವ ತಿಳಿವಳಿಕೆ, ಮತ್ತು ಒಂದು ರಿಗ್ರೆಷನ್ ಕೋಷ್ಟಕ, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಅಂದಾಜಿನ ಪಟ್ಟಿ ಓದುವ ಧೈರ್ಯ. ಸಂಖ್ಯೆಯ ಪಕ್ಕ ಒಂದು, ಎರಡು, ಮೂರು ನಕ್ಷತ್ರ ಇರುತ್ತವಲ್ಲ, ಅವು ಏನು ಹೇಳುತ್ತವೆ, ಏನು ಹೇಳಲ್ಲ ಅಂತ ಗೊತ್ತಿದ್ದರೆ ಅರ್ಧ ಲೇಖನ ಓದಿದ ಹಾಗೆ. ಇದನ್ನು ಮೂರು ತಿಂಗಳಲ್ಲಿ ಕಲಿಯಬಹುದು. ಸ್ವಯಂ, ಎನ್‌ಪಿಟೆಲ್ ಅನ್ನುವ ಆನ್‌ಲೈನ್ ತಾಣಗಳಲ್ಲಿ ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು. ಜೊತೆಗೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಹೊರಡಿಸುವ ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಪ್ರಕಟಣೆ, ಅಂದರೆ ದೇಶಕ್ಕೆ ಹೊರಗಿನಿಂದ ಬಂದ, ಹೊರಗೆ ಹೋದ ದುಡ್ಡಿನ ಲೆಕ್ಕ, ತೆಗೆದು ಓದಿ. ಎರಡು ಪುಟ ಓದಿ ಬೇಜಾರಾಗಿ ಮುಚ್ಚಿಟ್ಟರೆ ಅದೂ ಒಂದು ಉತ್ತರವೇ. ಆದರೆ ನಿಮ್ಮ ವಿಷಯದಲ್ಲಿ ನನಗೆ ಆ ಅನುಮಾನ ಕಡಿಮೆ. ದಿನಾ ಸರಕಿನ ಬಗೆ ಗುರುತಿಸುವ ಎಚ್‌ಎಸ್ ಕೋಡ್, ಶಿಪ್ಪಿಂಗ್ ಬಿಲ್, ಮೂಲ ದೇಶದ ಪ್ರಮಾಣಪತ್ರ ನೋಡುವವರು ನೀವು. ತರಗತಿಯಲ್ಲಿ ಕೂರುವ ಇಪ್ಪತ್ತೈದು ಜನರಲ್ಲಿ ಒಬ್ಬರಿಗೂ ಈ ಅನುಭವ ಇರಲಿಕ್ಕಿಲ್ಲ. ಇದನ್ನು ನೀವು ಪತ್ರದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ.

ನಿಜವಾದ ಕಷ್ಟ ಗಣಿತದ್ದಲ್ಲ, ಬರವಣಿಗೆಯದ್ದು. ನನ್ನ ಮೊದಲ ಪ್ರಬಂಧ ನೆನಪಿದೆ. ಮೂರು ಸಾವಿರ ಪದ. ಅವರು ಹೀಗೆ ಹೇಳಿದ್ದಾರೆ, ಇವರು ಹಾಗೆ ಹೇಳಿದ್ದಾರೆ, ಎರಡರಲ್ಲೂ ಸತ್ಯಾಂಶ ಇದೆ ಅಂತ ನಮ್ಮ ಬಿಎ ಪದ್ಧತಿಯಲ್ಲಿ ಚೆಂದವಾಗಿ ಬರೆದು ಕೊಟ್ಟೆ. ವಾಪಸ್ ಬಂದಾಗ ಅಂಚಿನಲ್ಲಿ ಆರು ಕಡೆ ಒಂದೇ ಮಾತು: "ಸರಿ, ನೀನೇನು ಹೇಳ್ತೀಯ?" ಅಂಕ 54. ಅಲ್ಲಿ 50 ಬಂದರೆ ಪಾಸು, 60 ಮೆರಿಟ್, 70 ಅಂದರೆ ಡಿಸ್ಟಿಂಕ್ಷನ್. ಶೇ 80ರ ಕೆಳಗೆ ಇಳಿಯದೆ ಬಂದಿದ್ದ ನಾನು ಆ ದಿನ ಊಟ ಮಾಡಲಿಲ್ಲ. ಇದು ಕನ್ನಡ ಮಾಧ್ಯಮದ ಸಮಸ್ಯೆ ಅಂತ ಅಂದುಕೊಂಡೆ. ಅಲ್ಲ. ಬೆಂಗಳೂರಿನ ದೊಡ್ಡ ಕಾನ್ವೆಂಟಿನಿಂದ ಬಂದ ಹುಡುಗನಿಗೂ ಅದೇ ಮಾತು ಬರೆದಿದ್ದರು. ನಮಗೆ ಯಾರೂ "ನಿನ್ನ ವಾದ ಏನು" ಅಂತ ಕೇಳಿಯೇ ಇರಲಿಲ್ಲ. ಒಂದು ವರ್ಷದ ಕೋರ್ಸಿನಲ್ಲಿ ಇದನ್ನು ಕಲಿಯಲು ಸಮಯ ತುಂಬಾ ಕಡಿಮೆ. ಸೆಪ್ಟೆಂಬರ್‌ನಲ್ಲಿ ಶುರು, ಕ್ರಿಸ್‌ಮಸ್ ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತದೆ, ಬೇಸಿಗೆಯಲ್ಲಿ ಹತ್ತು–ಹದಿನೈದು ಸಾವಿರ ಪದಗಳ ಪ್ರೌಢಪ್ರಬಂಧ. ತರಗತಿ ವಾರಕ್ಕೆ ಎಂಟು ಗಂಟೆ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಓದು. ಆ ಓದಿನ ಮಧ್ಯೆ ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ತೂಗಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ಕೆಲವರು ಮಾಡುತ್ತಾರೆ. ಅಂಕಪಟ್ಟಿಯಲ್ಲಿ ಅದು ಕಾಣುತ್ತದೆ.

ಇನ್ನು ಏಜೆಂಟ್ ಹೇಳಿದ ವಿಶ್ವಬ್ಯಾಂಕ್ ಕಥೆ. ಅಲ್ಲಿಗೆ ಯುವಕರು ಸೇರುವ ಹೆಸರಾಂತ ದಾರಿ ಯಂಗ್ ಪ್ರೊಫೆಷನಲ್ಸ್ ಕಾರ್ಯಕ್ರಮ. ಅದಕ್ಕೆ ಸ್ನಾತಕೋತ್ತರ ಪದವಿ ಸಾಲದು, ಸಂಬಂಧಪಟ್ಟ ಕೆಲಸದ ಅನುಭವ ಕನಿಷ್ಠ ಮೂರು ವರ್ಷ ಬೇಕು. ಇಡೀ ಪ್ರಪಂಚದಿಂದ ಅರ್ಜಿ ಬರುತ್ತದೆ, ಪಿಎಚ್‌ಡಿ ಮಾಡಿದವರೂ ಸಾಲಿನಲ್ಲಿರುತ್ತಾರೆ. ವಿಶ್ವಸಂಸ್ಥೆಯಲ್ಲೂ ಅದೇ ಹೆಸರಿನ ಪರೀಕ್ಷೆ ಇದೆ. ಆದರೆ ಅದು ಸಿಬ್ಬಂದಿ ಸಂಖ್ಯೆ ಕಡಿಮೆ ಇರುವ ದೇಶಗಳವರಿಗೆ. ಯಾವ ದೇಶದವರು ಬರೆಯಬಹುದು ಅನ್ನುವ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ನೀವು ಎಷ್ಟೇ ಚೆನ್ನಾಗಿ ಓದಿದರೂ ಆ ವರ್ಷ ದೇಶದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮುಗಿಯಿತು. ಐಪಿಇ ಓದಿದ ಕೆಲವರು ಅಲ್ಲಿದ್ದಾರೆ, ನಿಜ. ಓದಿದ ತಕ್ಷಣ ಹೋದವರನ್ನು ನಾನು ಕಂಡಿಲ್ಲ.

ಹಾಗಾದರೆ ಕೆಲಸವೇ ಇಲ್ಲವಾ? ಇದೆ, ಮತ್ತು ನಾನು ಓದಿದ ಕಾಲಕ್ಕಿಂತ ಈಗ ಜಾಸ್ತಿ ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರವರೆಗೆ ಸುಂಕ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ ರಫ್ತುದಾರರಿಗೆ ಬೇಕಾಗಿದ್ದು, ಇದು ಎಷ್ಟು ದಿನ ಇರುತ್ತದೆ, ಯಾಕೆ ಹಾಕಿದರು, ಯಾರ ಹತ್ತಿರ ಮಾತಾಡಬೇಕು ಅಂತ ಹೇಳುವವರು. ಆಮದಾಗುವ ಸರಕು ತಯಾರಿಸುವಾಗ ಎಷ್ಟು ಇಂಗಾಲ ಹೊರಬಿತ್ತು ಅಂತ ಯುರೋಪ್ ತನ್ನ ಗಡಿಯಲ್ಲಿ ಲೆಕ್ಕ ಕೇಳಲು ಶುರು ಮಾಡಿದೆ. 2023ರ ಅಕ್ಟೋಬರ್‌ನಿಂದ ವರದಿ ಕೊಡುವ ಹಂತ, 2026ರಿಂದ ನಿಜವಾದ ಶುಲ್ಕದ ಹಂತ. ಬಳ್ಳಾರಿ ಕಡೆಯಿಂದ ಉಕ್ಕು ಕಳಿಸುವವರಿಗೂ ಅದು ತಟ್ಟುತ್ತದೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಇವೆಲ್ಲ ಓದಿ ಅರ್ಥ ಮಾಡಿಸುವ ಕೆಲಸ ಕನ್ಸಲ್ಟಿಂಗ್ ಕಂಪನಿಗಳಲ್ಲಿ, ಉದ್ಯಮ ಸಂಘಗಳಲ್ಲಿ, ಬೆಂಗಳೂರಿನ ವಿದೇಶಿ ಕಾನ್ಸುಲೇಟುಗಳ ವಾಣಿಜ್ಯ ವಿಭಾಗದಲ್ಲಿ, ದೆಹಲಿಯ ಐಕ್ರಿಯರ್, ಆರ್‌ಐಎಸ್‌ನಂಥ ನೀತಿ ಸಂಶೋಧನಾ ಸಂಸ್ಥೆಗಳಲ್ಲಿ, ಜೈಪುರದ ಕಟ್ಸ್‌ನಲ್ಲಿ, ಬೆಂಗಳೂರಿನ ತಕ್ಷಶಿಲಾದಲ್ಲಿ ಇದೆ. ಕೇಂದ್ರದ ಸಚಿವಾಲಯಗಳೂ ಗುತ್ತಿಗೆ ಮೇಲೆ ಯಂಗ್ ಪ್ರೊಫೆಷನಲ್‌ಗಳನ್ನು ತೆಗೆದುಕೊಳ್ಳುತ್ತವೆ. ಒಂದೇ ತೊಂದರೆ ಅಂದರೆ, ಯಾವ ಜಾಹೀರಾತಿನಲ್ಲೂ "ಐಪಿಇ ಓದಿದವರು ಬೇಕು" ಅಂತ ಇರಲ್ಲ. ಅರ್ಥಶಾಸ್ತ್ರ, ಸಾರ್ವಜನಿಕ ನೀತಿ, ಅಂತರರಾಷ್ಟ್ರೀಯ ಸಂಬಂಧ ಅಂತ ಇರುತ್ತದೆ. ನೀವು ಹೋಗಿ ನಾನೂ ಅದರ ಒಳಗೆ ಬರುತ್ತೇನೆ ಅಂತ ತೋರಿಸಿಕೊಳ್ಳಬೇಕು. ಚಿಕ್ಕಪ್ಪ ಎಂಬಿಎ ಅನ್ನುವುದು ಈ ಕಾರಣಕ್ಕೇ. ಅವರ ಮಾತಿನಲ್ಲಿ ತಿರುಳಿದೆ. ಒಳ್ಳೆಯ ಎಂಬಿಎಗೆ ಕ್ಯಾಂಪಸ್‌ಗೆ ಕಂಪನಿ ಬರುತ್ತದೆ, ಐಪಿಇಗೆ ಬರಲ್ಲ. ಆದರೆ ಸಾಧಾರಣ ಕಾಲೇಜಿನ ಎಂಬಿಎಗೂ ಯಾರೂ ಬರಲ್ಲ.

ಓದಿದ ಮೇಲೆ ಅಲ್ಲೇ ಕೆಲಸ ಹುಡುಕಬಹುದಲ್ಲ ಅಂತ ನೀವು ಕೇಳಿಲ್ಲ, ಆದರೆ ಲೆಕ್ಕದಲ್ಲಿ ಅದು ಎಲ್ಲೋ ಇದೆ ಅಂತ ನನ್ನ ಊಹೆ. ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಇದುವರೆಗೆ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ 18 ತಿಂಗಳು. ಅದು ಕೆಲಸ ಹುಡುಕಲು ಸಮಯ, ಕೆಲಸ ಅಲ್ಲ. ಆಮೇಲೆ ಉಳಿಯಬೇಕಾದರೆ ಕಂಪನಿ ಸ್ಪಾನ್ಸರ್ ಮಾಡಬೇಕು. ಅದಕ್ಕೆ ಸಂಬಳದ ಸಾಮಾನ್ಯ ಮಿತಿ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ. ಬ್ಯಾಂಕಿನವರು, ಸಾಫ್ಟ್‌ವೇರಿನವರು ಈ ಗೆರೆ ದಾಟುತ್ತಾರೆ. ನೀತಿ ಸಂಶೋಧನೆಯ ಸಂಸ್ಥೆಗಳು ಹೊಸಬರಿಗೆ ಅಷ್ಟು ಕೊಡುವುದು ಅಪರೂಪ, ವೀಸಾ ಸ್ಪಾನ್ಸರ್ ಮಾಡುವುದು ಇನ್ನೂ ಅಪರೂಪ.

ಒಂದು ವರ್ಷದ ಡಿಗ್ರಿಗೆ ಇಲ್ಲಿ ಬೆಲೆ ಇಲ್ಲ ಅನ್ನೋದು ಹಳೆಯ ಮಾತು. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಒಬ್ಬರ ಪದವಿಯನ್ನು ಇನ್ನೊಬ್ಬರು ಒಪ್ಪುವ ಒಪ್ಪಂದ ಮಾಡಿಕೊಂಡವು. ಒಂದು ವರ್ಷದ ಮಾಸ್ಟರ್ಸ್ ಅದರೊಳಗೆ ಬರುತ್ತದೆ. ಖಾಸಗಿಯವರು ಮೊದಲಿನಿಂದಲೂ ತಲೆ ಕೆಡಿಸಿಕೊಂಡಿಲ್ಲ. ತೊಂದರೆ ಇರೋದು ಬೇರೆ ಕಡೆ. ಮುಂದೆ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ, ನೇಮಕಾತಿಯಲ್ಲಿ "ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ" ಅಂತ ಇರುತ್ತದೆ. ಐಪಿಇ ಅರ್ಥಶಾಸ್ತ್ರವೂ ಅಲ್ಲ, ರಾಜ್ಯಶಾಸ್ತ್ರವೂ ಅಲ್ಲ ಅಂತ ಎರಡೂ ಬಾಗಿಲಲ್ಲಿ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ನನ್ನ ಜೊತೆ ಓದಿದ ಒಬ್ಬರು ಈ ಕಾರಣಕ್ಕೆ ಊರಿಗೆ ಬಂದು ರಾಜ್ಯಶಾಸ್ತ್ರದಲ್ಲಿ ಇನ್ನೊಂದು ಎಂಎ ಕಟ್ಟಿದರು.

ಈಗ ದುಡ್ಡು. ಎಲ್ಲಕ್ಕಿಂತ ಮುಖ್ಯ ಇದೇ, ನಿಧಾನವಾಗಿ ಓದಿ.

ಪೌಂಡಿಗೆ 115 ರೂಪಾಯಿ ಅಂತ ಹಿಡಿದರೆ ಫೀಸು ಸುಮಾರು 23.6 ಲಕ್ಷ. ಲಂಡನ್ ಹೊರಗೆ ವರ್ಷದ ಬಾಡಿಗೆ, ಊಟಕ್ಕೆ 11,000 ಪೌಂಡ್ ಅಂದರೆ 12.6 ಲಕ್ಷ. ವೀಸಾ, ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ, ವಿಮಾನದ ಟಿಕೆಟ್ ಎಲ್ಲ ಸೇರಿ ಎರಡೂವರೆ ಲಕ್ಷ. ನೀವು ಹೇಳಿದ 39 ಲಕ್ಷ ಸರಿಯಾಗಿದೆ. 35 ಲಕ್ಷಕ್ಕೆ ಶೇ 10.5 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು 47 ಸಾವಿರ. ಇದು ಬ್ರೋಷರಿನಲ್ಲಿ ತೋರಿಸುವ ಲೆಕ್ಕ. ಓದುವ ವರ್ಷ ಮತ್ತು ಆಮೇಲಿನ ಆರು ತಿಂಗಳು ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಂತಿರಲ್ಲ. ಅದು ಐದೂವರೆ ಲಕ್ಷದವರೆಗೆ ಬೆಳೆದು ಅಸಲಿಗೆ ಸೇರುತ್ತದೆ. ಆಗ ಕಂತು 54 ಸಾವಿರ ದಾಟುತ್ತದೆ. 15 ವರ್ಷಕ್ಕೆ ಎಳೆದರೂ 44–45 ಸಾವಿರ. ದೆಹಲಿಯಲ್ಲೋ ಬೆಂಗಳೂರಲ್ಲೋ ನಿಮಗೆ 60 ಸಾವಿರದ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಉಳಿದದ್ದರಲ್ಲಿ ಪಿಜಿ ಬಾಡಿಗೆ ಕಟ್ಟಿ, ಏನು ತಿನ್ನುತ್ತೀರಿ?

ಜನ ಮಾಡುವ ತಪ್ಪು ಇಲ್ಲೇ. ಪೌಂಡಿನ ಖರ್ಚನ್ನು ಪೌಂಡಿನ ಸಂಬಳದಲ್ಲಿ ತೀರಿಸುವ ಲೆಕ್ಕ ಹಾಕುತ್ತಾರೆ. ನೀವು ರೂಪಾಯಿ ಸಂಬಳದಲ್ಲಿ ಲೆಕ್ಕ ಹಾಕಿ. ತೂಗಿದರೆ ಹೋಗಿ. ಪೌಂಡಿನ ಕೆಲಸ ಸಿಕ್ಕರೆ ಅದು ಮೇಲಿನ ಲಾಭ. ರೂಪಾಯಿಯ ಬೆಲೆಯೂ ನಮ್ಮ ಕೈಯಲ್ಲಿಲ್ಲ. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಬರ್ನಾಂಕೆ ಬಾಂಡ್ ಖರೀದಿ ಕಡಿಮೆ ಮಾಡಬಹುದು ಅಂತ ಒಂದು ಮಾತು ಆಡಿದರು. ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ ಕೊನೆಗೆ 68 ದಾಟಿತು. ಎರಡನೇ ಕಂತಿನ ಫೀಸು ಕಟ್ಟಬೇಕಿದ್ದ ಮಕ್ಕಳ ಮನೆಯವರು ನನಗೆ ಫೋನ್ ಮಾಡಿ "ಮೇಡಂ, ಇದು ಇಳಿಯುತ್ತಾ?" ಅಂತ ಕೇಳುತ್ತಿದ್ದರು. ಐಪಿಇಯ ಒಂದು ಇಡೀ ಅಧ್ಯಾಯ ಅದು. ಆದರೆ ಅವರಿಗೆ ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ತೋಟದ ಮೇಲೆ ಸಾಲ ತೆಗೆಯುವ ವಿಚಾರ. ಬ್ಯಾಂಕಿಗೆ ಹೋದರೆ ಅಪ್ಪನಿಗೆ ಆಶ್ಚರ್ಯ ಆಗುತ್ತದೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನು ಅಡವು ಅಂದರೆ ಹೆಚ್ಚಿನ ಬ್ಯಾಂಕುಗಳು ಒಪ್ಪಲ್ಲ. ಬೆಲೆ ಇಲ್ಲ ಅಂತಲ್ಲ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತರ ರಕ್ಷಣೆಗೆ ಇಟ್ಟ ಬೇಲಿ ಅದು. ಅದೇ ಬೇಲಿ ಇಲ್ಲಿ ಅಡ್ಡ ಬರುತ್ತದೆ. ಬ್ಯಾಂಕಿನವರು ಕೇಳೋದು ಮನೆ, ಸೈಟು, ಇಲ್ಲವೇ ಎಫ್‌ಡಿ. ಹಳ್ಳಿಯ ಮನೆಗೆ ಪಂಚಾಯಿತಿಯ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ಫಾರಂ 9, 11 ಇದೆಯಾ ನೋಡಿ. ಇಲ್ಲದಿದ್ದರೆ ಅದೂ ಕಷ್ಟ. ಆಮೇಲೆ ಖಾಸಗಿ ಫೈನಾನ್ಸ್ ಕಂಪನಿಗಳು ಅಡವಿಲ್ಲದೆ ಕೊಡುತ್ತೇವೆ ಅಂತ ಬರುತ್ತವೆ. ಬಡ್ಡಿ ಜಾಸ್ತಿ, ಜೊತೆಗೆ ಸಹ-ಸಾಲಗಾರರ ಆದಾಯದ ದಾಖಲೆ ಕೇಳುತ್ತವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅಪ್ಪ ರಿಟರ್ನ್ಸ್ ಸಲ್ಲಿಸಿರಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಅಡಿಕೆ ಮಾರಿದರೂ ಕಾಗದದಲ್ಲಿ ಅವರ ಆದಾಯ ಸೊನ್ನೆ. ಈ ಗೋಡೆಗೆ ತಲೆ ಚಚ್ಚಿಕೊಂಡ ಮೇಲೆಯೇ "ಅರ್ಧ ಎಕರೆ ಮಾರೋಣ" ಅನ್ನುವ ಮಾತು ಗಟ್ಟಿಯಾಗುವುದು. ಎಲೆಚುಕ್ಕೆ ರೋಗ ಬಂದು ಎಲ್ಲರೂ ಹೆದರಿರುವ ಕಾಲದಲ್ಲಿ ತೋಟ ಮಾರಿದರೆ ಸಿಗಬೇಕಾದ ಬೆಲೆ ಸಿಗಲ್ಲ. ಮಾರಿದ್ದು ವಾಪಸ್ ಬರೋದೂ ಇಲ್ಲ. ಸಾಲವಾದರೂ ಒಂದು ದಿನ ತೀರುತ್ತದೆ.

ದಾರಿ ಯಾವುದಿದೆ ಅಂದರೆ, ನಿಮ್ಮ ಮಟ್ಟಿಗೆ ಮೊದಲನೆಯದು ಚೀವ್ನಿಂಗ್ ಸ್ಕಾಲರ್‌ಶಿಪ್. ಬ್ರಿಟಿಷ್ ಸರ್ಕಾರದ್ದು. ಫೀಸು, ಊಟ, ವಸತಿ, ಟಿಕೆಟ್ ಎಲ್ಲ ಅವರದ್ದೇ. ಅರ್ಜಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಮುಚ್ಚುತ್ತದೆ, ಹೋಗೋದು ಮುಂದಿನ ವರ್ಷದ ಸೆಪ್ಟೆಂಬರ್‌ಗೆ. ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತಾರೆ. ನಿಮಗೆ ಈಗ ತಾನೇ ತುಂಬಿದೆ! ಮೂರು ಕೋರ್ಸ್ ಸೂಚಿಸಬಹುದು. ಓದಿದ ಮೇಲೆ ಎರಡು ವರ್ಷ ಭಾರತದಲ್ಲಿ ಇರಬೇಕು ಅನ್ನುವ ಷರತ್ತಿದೆ. ಸಾಲ ಇಲ್ಲದವರಿಗೆ ಅದು ಷರತ್ತೇ ಅಲ್ಲ. ಸಿಗುವ ಖಾತರಿ ಇಲ್ಲ, ಪೈಪೋಟಿ ದೊಡ್ಡದು. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್, ಇನ್‌ಲ್ಯಾಕ್ಸ್ ಕೂಡ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ನಿಮಗೆ ಅನ್ವಯಿಸದಿದ್ದರೂ ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ.

ಎರಡನೆಯದು ಜರ್ಮನಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಕಾಸೆಲ್‌ನಲ್ಲಿ ಜಾಗತಿಕ ರಾಜಕೀಯ ಅರ್ಥಶಾಸ್ತ್ರ ಮತ್ತು ಅಭಿವೃದ್ಧಿ ಅಂತ ಎಂಎ ಇದೆ, ಪಾಠ ಇಂಗ್ಲಿಷಿನಲ್ಲಿ. ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚಿಗೆ 11,904 ಯೂರೊ ಇಡಬೇಕು. ಅದು ಫೀಸಲ್ಲ, ನಿಮ್ಮದೇ ದುಡ್ಡು, ತಿಂಗಳು ತಿಂಗಳು ನಿಮಗೇ ಬರುತ್ತದೆ. ಭಾರತದವರಿಗೆ ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, ಬೇಗ ಅರ್ಜಿ ಹಾಕಿ. ಕೋರ್ಸ್ ಎರಡು ವರ್ಷ, ಬರೆಯೋದು ಕಲಿಯಲು ಸಮಯ ಸಿಗುತ್ತದೆ. ತೊಂದರೆ ಅಂದರೆ ಜರ್ಮನ್ ಬಾರದೆ ಅಲ್ಲಿ ಈ ಕ್ಷೇತ್ರದ ಕೆಲಸ ಸಿಗೋದು ಕಷ್ಟ.

ಮೂರನೆಯದು ದೆಹಲಿ. ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ವಿಶ್ವ ಆರ್ಥಿಕತೆಯ ಮೇಲೆ ಒತ್ತು ಇರುವ ಅರ್ಥಶಾಸ್ತ್ರದ ಎಂಎ ಇದೆ, ಅಂತರರಾಷ್ಟ್ರೀಯ ಸಂಬಂಧದ ಎಂಎ ಬೇರೆ ಇದೆ. ಮೊದಲನೆಯದಕ್ಕೆ ಗಣಿತ ಜಾಸ್ತಿ. ಎರಡನೆಯದು ನಿಮಗೆ ಹೊಂದುತ್ತದೆ. ಎರಡು ವರ್ಷದ ಫೀಸು ನಿಮ್ಮ ಈಗಿನ ಒಂದು ತಿಂಗಳ ಸಂಬಳ ಮುಟ್ಟಲ್ಲ. ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಬ್ರಿಟನ್ನಿನ ಹೆಸರು ಇರಲ್ಲ, ನಿಜ. ಆದರೆ ವಾಣಿಜ್ಯ ಸಚಿವಾಲಯ, ಐಕ್ರಿಯರ್, ರಾಯಭಾರ ಕಚೇರಿ ಎಲ್ಲ ಬಸ್ಸಿನ ದೂರದಲ್ಲಿ ಇರುವುದಕ್ಕೂ ಒಂದು ಬೆಲೆ ಇದೆ. ನಾನು ದೆಹಲಿಯಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಡಿಗ್ರಿಯ ಊರಿಗಿಂತ ಜಾಸ್ತಿ ನೋಡುತ್ತಿದ್ದುದು, ಕೊಟ್ಟ ಒಂದು ಅಧಿಸೂಚನೆಯನ್ನು ಎರಡು ಪುಟದಲ್ಲಿ ಬಿಡಿಸಿ ಹೇಳೋಕೆ ಬರುತ್ತಾ ಅಂತ.

ಏಜೆಂಟ್ ಬಗ್ಗೆ ಒಂದೇ ಮಾತು. ಅವರು ನಿಮ್ಮ ಹತ್ತಿರ ದುಡ್ಡು ತೆಗೆದುಕೊಂಡಿಲ್ಲ ಅಲ್ವಾ? ಸಾಮಾನ್ಯವಾಗಿ ನೀವು ಸೇರಿದ ಮೇಲೆ ವಿಶ್ವವಿದ್ಯಾಲಯ ಅವರಿಗೆ ಕಮಿಷನ್ ಕೊಡುತ್ತದೆ. ಡೆಪಾಸಿಟ್‌ಗೆ ಅವಸರ ಮಾಡುತ್ತಿರುವುದು ಯಾರು ಅಂತ ನೋಡಿ. ಒಮ್ಮೆ ಕಟ್ಟಿದರೆ ವೀಸಾ ತಿರಸ್ಕಾರ ಆದಂಥ ಕೆಲವೇ ಸಂದರ್ಭದಲ್ಲಿ ಮಾತ್ರ ವಾಪಸ್ ಬರೋದು. ಮನಸ್ಸು ಬದಲಾಯಿಸಿದರೆ ಮೂರೂವರೆ ಲಕ್ಷ ಹೋದ ಹಾಗೆ.

ನನ್ನನ್ನೇ ಕೇಳಿದರೆ, ಈ ವರ್ಷ ಈ ಸಾಲದ ಮೇಲೆ ಹೋಗಬೇಡಿ. ಐಪಿಇ ಬಿಡಿ ಅಂತ ಹೇಳುತ್ತಿಲ್ಲ. ನಾಳೆಯೇ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನೀವೇ ನೇರವಾಗಿ ಮೇಲ್ ಬರೆಯಿರಿ. ಏಜೆಂಟ್ ಮೂಲಕ ಬೇಡ. ಸೀಟನ್ನು ಮುಂದಿನ ವರ್ಷಕ್ಕೆ ತಳ್ಳಬಹುದಾ, ಡೆಪಾಸಿಟ್ ಕಟ್ಟದೆ ತಳ್ಳಬಹುದಾ, ನಿಮ್ಮಲ್ಲೇ ಫೀಸು ಕಡಿತದ ಸ್ಕಾಲರ್‌ಶಿಪ್ ಇದೆಯಾ ಅಂತ ಮೂರೇ ಪ್ರಶ್ನೆ ಕೇಳಿ. ಒಪ್ಪದಿದ್ದರೂ ನಷ್ಟ ಇಲ್ಲ. ಒಮ್ಮೆ ಸೀಟು ಕೊಟ್ಟವರು ಮುಂದಿನ ವರ್ಷ ಅದೇ ಅಂಕಕ್ಕೆ, ಇನ್ನೊಂದು ವರ್ಷದ ಅನುಭವ ಸೇರಿಸಿಕೊಂಡು ಕೇಳಿದರೆ ಕೊಡದೇ ಇರೋದು ಕಡಿಮೆ. ಕೆಲಸ ಬಿಡಬೇಡಿ.

ಪ್ರಶ್ನೆಯ ಜೊತೆ ನೀವು ಕಳಿಸಿದ ಉದ್ದೇಶ ಪತ್ರವನ್ನೂ, ಅಂದರೆ ಯಾಕೆ ಓದಬೇಕು ಅಂತ ವಿಶ್ವವಿದ್ಯಾಲಯಕ್ಕೆ ಬರೆದಿದ್ದನ್ನೂ ಓದಿದೆ. "ಚಿಕ್ಕಂದಿನಿಂದಲೂ ಜಾಗತಿಕ ವಿಷಯಗಳಲ್ಲಿ ನನಗೆ ಆಸಕ್ತಿ" ಅಂತ ಶುರುವಾಗುತ್ತದೆ. ಅದನ್ನು ಹೊಡೆದುಹಾಕಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಹತ್ತಿರ ಮಂಡಿಯ ಹಳೆಯ ಪಟ್ಟಿಗಳು ಇವೆಯಾ ಕೇಳಿ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ದರ ಬರೆದಿರುವ ಚೀಟಿಗಳು. ಅಡಿಕೆ ಬೆಳೆಯುವವರು ಅವನ್ನು ಬಿಸಾಡುವುದು ಕಡಿಮೆ, ನಮ್ಮ ಮನೆಯಲ್ಲಿ ಒಂದು ಟ್ರಂಕ್ ತುಂಬ ಇವೆ. 2022ರ ಆಗಸ್ಟ್‌ನಿಂದ 2023ರ ಜೂನ್‌ವರೆಗಿನದ್ದು ತೆಗೆದು ತಾರೀಕಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಅಧಿಸೂಚನೆಗಳ ತಾರೀಕು ಬರೆಯಿರಿ. ಬೆಲೆ ಯಾವಾಗ ಅಲ್ಲಾಡಿತು, ಅಧಿಸೂಚನೆಗೆ ಮೊದಲೋ ಆಮೇಲೋ ನೋಡಿ. ಉದ್ದೇಶ ಪತ್ರದ ಮೊದಲ ಸಾಲು ಅಲ್ಲಿ ಸಿಗುತ್ತದೆ. ಸಿಕ್ಕರೆ ನನಗೂ ಒಂದು ಪ್ರತಿ ಕಳಿಸಿ.